ಓದುಗರ ಪ್ರಶ್ನೆ, ನಮ್ಮ ಉತ್ತರ: ಏಜೆಂಟ್ ಆರೆಂಜ್ ಮತ್ತು ಮಾಜಿ ಸೈನಿಕರ ಪರಿಹಾರ

ಈ ಸಲ ಬಂದ ಪತ್ರಗಳಲ್ಲಿ ಆರನ್ನು ಒಟ್ಟಿಗೆ ಆರಿಸಿಕೊಂಡಿದ್ದೇನೆ. ಆರೂ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಸಿಂಪಡಿಸಿದ ಕಳೆನಾಶಕಗಳ ಸುತ್ತ, ಅದರಲ್ಲೂ ‘ಏಜೆಂಟ್ ಆರೆಂಜ್’ ಎಂಬುದರ ಸುತ್ತ ಇವೆ. ಈ ವಿಷಯ ಕನ್ನಡಿಗರ ಮನೆಯೊಳಗೆ ಹೇಗೆ ಬಂತೆಂದು ಕೇಳುವವರಿಗೆ ಮೊದಲ ಪತ್ರವೇ ಉತ್ತರ ಕೊಡುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗದವಳು. ಮದುವೆಯಾಗಿ ಒಹಾಯೊಗೆ ಬಂದು ಇಪ್ಪತ್ತು ವರ್ಷಗಳಾದವು. ನನ್ನ ಪತಿ ಅಮೆರಿಕದವರು. ಮಾವನವರಿಗೆ ಈಗ 77 ವರ್ಷ. ಅವರು 1968–69ರಲ್ಲಿ ಸೈನ್ಯದ ಲಾರಿ ಓಡಿಸುತ್ತಾ ವಿಯೆಟ್ನಾಮಿನ ಬಿಯೆನ್ ಹೋವಾ ಊರಿನ ಸುತ್ತಮುತ್ತ ಒಂದು ವರ್ಷ ಇದ್ದರಂತೆ. ಮೂವತ್ತೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೂರು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಪಾದಗಳು ಸದಾ ಜೋಮು ಹಿಡಿದಂತೆ ಇರುತ್ತವೆ. 1994ರಲ್ಲಿ ಒಮ್ಮೆ ಸಕ್ಕರೆ ಕಾಯಿಲೆಗೆ ಏಜೆಂಟ್ ಆರೆಂಜ್ ಕಾರಣವೆಂದು ಅರ್ಜಿ ಹಾಕಿದ್ದರು, ತಿರಸ್ಕೃತವಾಯಿತು. ‘ಆ ಔಷಧ ನನ್ನ ಮೈಮೇಲೆ ಬಿತ್ತೆಂದು ನಾನು ಯಾರಿಗೆ ಹೇಗೆ ತೋರಿಸಲಿ’ ಎಂದು ಅಂದೇ ಕೈಬಿಟ್ಟವರು, ಈಗ ಆ ಮಾತೆತ್ತಿದರೆ ಸಿಡುಕುತ್ತಾರೆ. ಮತ್ತೆ ಪ್ರಯತ್ನಿಸುವುದರಲ್ಲಿ ಅರ್ಥವಿದೆಯೇ?

ಉತ್ತರ: ಇದೆ, ಮತ್ತು ನೀವು ಎಣಿಸಿರುವುದಕ್ಕಿಂತ ಹೆಚ್ಚಾಗಿಯೇ ಇದೆ. ಮೊದಲು ನಿಮ್ಮ ಮಾವನವರ ಸಿಡುಕಿಗೆ ಉತ್ತರ ಹೇಳುತ್ತೇನೆ, ಏಕೆಂದರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದನ್ನೇ ಕೇಳಿಕೊಂಡು ಸಾವಿರಾರು ಮಂದಿ ಸುಮ್ಮನಾಗಿದ್ದಾರೆ. ಯಾರ ಮೈಮೇಲೆ ಎಷ್ಟು ಬಿತ್ತೆಂಬುದನ್ನು ಯಾರೂ ತೋರಿಸಲಾರರು. 1962ರಿಂದ 1971ರವರೆಗೆ ‘ಆಪರೇಷನ್ ರ‍್ಯಾಂಚ್ ಹ್ಯಾಂಡ್’ ಎಂಬ ಹೆಸರಿನಲ್ಲಿ ವಿಮಾನಗಳಿಂದ ದಕ್ಷಿಣ ವಿಯೆಟ್ನಾಮಿನ ಕಾಡು ಮತ್ತು ಹೊಲಗಳ ಮೇಲೆ ಸುರಿದ ಕಳೆನಾಶಕದ ಒಟ್ಟು ಮೊತ್ತ ಏಳು ಕೋಟಿ ಲೀಟರಿಗೂ ಹೆಚ್ಚು. ಇದಲ್ಲದೆ ಶಿಬಿರಗಳ ಬೇಲಿಯ ಸುತ್ತ ಸೈನಿಕರೇ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದದ್ದು ಬೇರೆ. ಯಾವ ಲಾರಿ ಚಾಲಕ ಯಾವ ದಿನ ಯಾವ ರಸ್ತೆಯ ದೂಳನ್ನು ಉಸಿರಾಡಿದನೆಂಬ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಇಂಥ ಲೆಕ್ಕವನ್ನು ಸೈನ್ಯದ ದಾಖಲೆಗಳಿಂದ ಕಟ್ಟಲು ಹೊರಟು, ಆಗದೆಂದು 1987ರಲ್ಲಿ ಆ ಅಧ್ಯಯನವನ್ನು ಕೈಬಿಟ್ಟಿತು. ಈಗ ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯಬಹುದೇ ಎಂದರೆ ಅದೂ ಪ್ರಯೋಜನವಿಲ್ಲ. ಆ ಕಳೆನಾಶಕದಲ್ಲಿ ಬೆರೆತು ದೇಹ ಸೇರಿದ ಡಯಾಕ್ಸಿನ್ ಎಂಬ ವಿಷ ಏಳೆಂಟು ವರ್ಷಗಳಿಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಾ ಹೋಗುವುದರಿಂದ ಐವತ್ತೈದು ವರ್ಷಗಳ ನಂತರ ಉಳಿದಿರುವುದು ಏನನ್ನೂ ಹೇಳುವುದಿಲ್ಲ.

ಈ ಕಾರಣಕ್ಕಾಗಿಯೇ 1991ರ ಏಜೆಂಟ್ ಆರೆಂಜ್ ಕಾಯ್ದೆ ಪ್ರಶ್ನೆಯನ್ನೇ ಬದಲಾಯಿಸಿತು. ಆ ಕಾಯ್ದೆಯ ಪ್ರಕಾರ ಸೈನಿಕ ನಿಗದಿತ ಕಾಲದಲ್ಲಿ ನಿಗದಿತ ಸ್ಥಳದಲ್ಲಿದ್ದರೆ ಅವನಿಗೆ ಕಳೆನಾಶಕ ತಗುಲಿತ್ತೆಂದು ಸರ್ಕಾರ ಒಪ್ಪಿಕೊಳ್ಳುತ್ತದೆ. ಅವನ ಕಾಯಿಲೆ ಅಧಿಕೃತ ಪಟ್ಟಿಯಲ್ಲಿದ್ದರೆ ಆ ಕಾಯಿಲೆಗೆ ಸೇವೆಯೇ ಕಾರಣವೆಂದೂ ಒಪ್ಪಿಕೊಳ್ಳುತ್ತದೆ. ಕಾನೂನಿನ ಭಾಷೆಯಲ್ಲಿ ಇದು ಪೂರ್ವಭಾವನೆ. ಅರ್ಜಿದಾರರ ಬಾಯಲ್ಲಿ ‘ಪ್ರಿಸಂಪ್ಟಿವ್’. ಆದ್ದರಿಂದ ನಿಮ್ಮ ಮಾವನವರು ವಿಷವನ್ನು ಸಾಬೀತುಪಡಿಸಬೇಕಾಗಿಲ್ಲ. 1962ರ ಜನವರಿ 9ರಿಂದ 1975ರ ಮೇ 7ರ ನಡುವೆ ತಾವು ವಿಯೆಟ್ನಾಮಿನಲ್ಲಿದ್ದುದನ್ನೂ ಈಗ ಈ ಕಾಯಿಲೆಗಳು ಇರುವುದನ್ನೂ ತೋರಿಸಿದರೆ ಸಾಕು. 1994ರಲ್ಲಿ ಅವರ ಅರ್ಜಿ ಬಿದ್ದುಹೋದದ್ದು ಅವರ ಸಾಕ್ಷ್ಯ ಕಡಿಮೆಯಾಯಿತೆಂದಲ್ಲ, ಆಗಿನ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲವೆಂದು. ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಪಟ್ಟಿಗೆ ಸೇರಿದ್ದು 2001ರಲ್ಲಿ. ಹೃದಯಕ್ಕೆ ರಕ್ತ ಸಾಲದೆ ಬರುವ ಇಸ್ಕೀಮಿಕ್ ಹೃದ್ರೋಗ ಮತ್ತು ಪಾರ್ಕಿನ್ಸನ್ ಕಾಯಿಲೆ 2010ರಲ್ಲಿ ಸೇರಿದವು. ಮೂತ್ರಕೋಶದ ಕ್ಯಾನ್ಸರ್ ಮತ್ತು ಥೈರಾಯ್ಡ್ ಕೊರತೆ 2021ರಲ್ಲಿ, ರಕ್ತದೊತ್ತಡ 2022ರಲ್ಲಿ. ಮೂವತ್ತು ವರ್ಷಗಳ ಹಿಂದಿನ ‘ಇಲ್ಲ’ ಎಂಬ ಉತ್ತರಕ್ಕೆ ಇಂದು ಬೆಲೆಯಿಲ್ಲ.

ಬೆಲೆಯಿಲ್ಲ ಎಂದೆ, ಆದರೆ ಆ ತಿರಸ್ಕಾರದ ಪತ್ರ ನಿಮ್ಮ ಮನೆಯಲ್ಲಿದ್ದರೆ ಅದನ್ನು ಜೋಪಾನವಾಗಿ ತೆಗೆದಿಡಿ, ಏಕೆಂದರೆ ನಿಮ್ಮ ಪತ್ರದಲ್ಲಿರುವ ಅತಿ ಮುಖ್ಯವಾದ ಸಂಗತಿ ಅದೇ. ನೆಹ್ಮರ್ ಎಂಬ ಮಾಜಿ ಸೈನಿಕರ ಸಮೂಹ ಮೊಕದ್ದಮೆಯಲ್ಲಿ 1991ರಲ್ಲಿ ಆದ ರಾಜಿ ಆದೇಶದಂತೆ, ಏಜೆಂಟ್ ಆರೆಂಜ್ ಕಾರಣವೆಂದು ಹಿಂದೆ ಅರ್ಜಿ ಹಾಕಿ ತಿರಸ್ಕೃತನಾದ ವಿಯೆಟ್ನಾಂ ಸೈನಿಕನ ಕಾಯಿಲೆ ಮುಂದೆ ಪಟ್ಟಿಗೆ ಸೇರಿದರೆ, ಪರಿಹಾರವನ್ನು ಹೊಸ ಅರ್ಜಿಯ ದಿನದಿಂದಲ್ಲ, ಹಳೆಯ ಅರ್ಜಿಯ ದಿನದಿಂದ ಲೆಕ್ಕ ಹಾಕಬೇಕು. ನಿಮ್ಮ ಮಾವನವರಿಗೆ 1994ರಲ್ಲಿಯೇ ಕಾಯಿಲೆ ಇದ್ದದ್ದು ವೈದ್ಯರ ದಾಖಲೆಯಿಂದ ಕಂಡುಬಂದರೆ, ಸಕ್ಕರೆ ಕಾಯಿಲೆಯ ಮಟ್ಟಿಗೆ ಅವರ ಬಾಕಿ ಅಲ್ಲಿಂದಲೇ ಆರಂಭವಾಗಬಹುದು. ಆಯಾ ವರ್ಷಕ್ಕೆ ಆಗಿನ ದರವೇ ಅನ್ವಯಿಸುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆಗೆ ಹೊಸ ಅರ್ಜಿ ಹಾಕುವ ಬದಲು, ತಿರಸ್ಕೃತವಾದದ್ದನ್ನು ಮತ್ತೆ ಪರಿಶೀಲಿಸಿ ಎಂದು ಕೇಳುವ ‘ಸಪ್ಲಿಮೆಂಟಲ್ ಕ್ಲೇಮ್’ ಹಾಕಿ, ಅದರಲ್ಲಿ ನೆಹ್ಮರ್ ಹೆಸರನ್ನೂ 1994ರ ತಾರೀಕನ್ನೂ ಬಿಡಿಸಿ ಬರೆಯಿರಿ. ಹೃದಯಕ್ಕೆ ಹಿಂದೆ ಅರ್ಜಿಯೇ ಹಾಕಿಲ್ಲವಾದ್ದರಿಂದ ಅದಕ್ಕೆ 21-526ಇಝಡ್ ಎಂಬ ಮಾಮೂಲಿ ಅರ್ಜಿ. ಅದಕ್ಕೂ ಮುಂಚೆ, ಸಾಧ್ಯವಾದರೆ ಈ ವಾರವೇ, ‘ಅರ್ಜಿ ಸಲ್ಲಿಸುವ ಇಂಗಿತವಿದೆ’ ಎಂಬ ಚಿಕ್ಕ ನಮೂನೆಯನ್ನು ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ (ವಿ.ಎ.) ಕಳುಹಿಸಿಬಿಡಿ. ಅದು ಒಂದು ವರ್ಷದ ಮಟ್ಟಿಗೆ ನಿಮ್ಮ ತಾರೀಕನ್ನು ಕಾಯ್ದಿಡುತ್ತದೆ, ಕಾಗದಗಳನ್ನು ನಿಧಾನವಾಗಿ ಕೂಡಿಸಿಕೊಳ್ಳಬಹುದು.

ಸ್ಥಳದ ಸಾಕ್ಷ್ಯಕ್ಕೆ ಮೊದಲ ಕಾಗದ ಬಿಡುಗಡೆಯ ಪ್ರಮಾಣಪತ್ರ, ಅಂದರೆ ಡಿ.ಡಿ. 214. ಅದರಲ್ಲಿ ವಿಯೆಟ್ನಾಂ ಸೇವೆಯ ತಾರೀಕುಗಳಿದ್ದರೆ ಕೆಲಸ ಮುಗಿಯಿತು. ಬರಿಯ ವಿಯೆಟ್ನಾಂ ಸರ್ವಿಸ್ ಮೆಡಲ್ ಎಂದಷ್ಟೇ ಇದ್ದರೆ ಅದೊಂದೇ ಸಾಲದು, ಏಕೆಂದರೆ ಆ ಪದಕ ಥಾಯ್ಲೆಂಡಿನಲ್ಲಿದ್ದವರಿಗೂ ಕಡಲಲ್ಲಿದ್ದವರಿಗೂ ಸಿಕ್ಕಿತ್ತು. ಆಗ ವರ್ಗಾವಣೆ ಆದೇಶಗಳು, ಫೋಟೋಗಳು, ಹಳೆಯ ಟಪಾಲು ನೆರವಿಗೆ ಬರುತ್ತವೆ. ನಾನು ಅಮೆರಿಕದ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ ಶನಿವಾರಗಳಂದು ಇಂಥ ಅರ್ಜಿ ತುಂಬಿಕೊಡುತ್ತಿದ್ದಾಗ, ಒಬ್ಬ ಹಿರಿಯರು ಬೂಟಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, ಕಾಗದಗಳೆಲ್ಲ ನೀರು ಪಾಲಾದವು, ಇದರಲ್ಲಿರುವುದು ಅಮ್ಮನಿಗೆ ಬರೆದ ಓಲೆಗಳು ಮಾತ್ರ ಎಂದರು. ಲಕೋಟೆಯ ಮೇಲೆ ಅಂಚೆಚೀಟಿ ಅಂಟಿಸುವ ಮೂಲೆಯಲ್ಲಿ ಬಾಲ್ ಪೆನ್ನಿನಿಂದ ‘ಫ್ರೀ’ ಎಂದು ಬರೆದಿತ್ತು, ಏಕೆಂದರೆ ಅಲ್ಲಿದ್ದ ಸೈನಿಕರಿಗೆ ಅಂಚೆಯ ವೆಚ್ಚವಿರಲಿಲ್ಲ. ಎಡಮೂಲೆಯಲ್ಲಿ ದಳದ ಹೆಸರು, ಅದರ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೊ ಸೈನಿಕ ಅಂಚೆಯ ಸಂಖ್ಯೆ, ಮೇಲೆ ತಾರೀಕಿನ ಮುದ್ರೆ. ಆ ಸಂಖ್ಯೆ ವಿಯೆಟ್ನಾಮಿನ ಯಾವ ಊರಿನದೆಂದು ಪತ್ತೆ ಹಚ್ಚಬಹುದು. ಅವರು ಹಿಂದಕ್ಕೆ ಒಯ್ಯಬೇಕೆಂದಿದ್ದ ಡಬ್ಬಿಯೇ ಅವರ ಸಾಕ್ಷಿಯಾಯಿತು. ನಿಮ್ಮ ಅತ್ತೆಯವರನ್ನು ಕೇಳಿ ನೋಡಿ. ಇಂಥ ಓಲೆಗಳನ್ನು ಹೆಂಗಸರು ಎಸೆಯುವುದಿಲ್ಲ.

ಪಾದದ ಜೋಮನ್ನು ಮರೆಯಬೇಡಿ. ಸಕ್ಕರೆ ಕಾಯಿಲೆಯಿಂದ ನರಗಳು, ಮೂತ್ರಪಿಂಡ, ಕಣ್ಣು ಕೆಟ್ಟಿದ್ದರೆ ಅವನ್ನು ‘ಆನುಷಂಗಿಕ’ ಎಂದು ಪ್ರತ್ಯೇಕವಾಗಿ ಕೇಳಬೇಕು, ಮತ್ತು ಎರಡು ಕಾಲುಗಳಿಗೆ ಎರಡು ಅಂದಾಜುಗಳಾಗುತ್ತವೆ. ಅಂದಾಜೆಂದರೆ ಕಾಯಿಲೆಯಿಂದ ದೇಹ ಶೇಕಡಾ ಎಷ್ಟು ಕುಂದಿದೆ ಎಂಬ ಲೆಕ್ಕ; ಪರಿಹಾರದ ಮೊತ್ತ ನಿಲ್ಲುವುದು ಅದರ ಮೇಲೆ. ಮಾತ್ರೆ ಮತ್ತು ಪಥ್ಯದಲ್ಲಿರುವ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಶೇ. 20; ಹೃದಯಕ್ಕೆ ಅದರ ಶಕ್ತಿ ಎಷ್ಟು ಉಳಿದಿದೆ ಎಂಬುದರ ಮೇಲೆ. ಇಲ್ಲಿ ಒಂದು ವಿಚಿತ್ರ ಲೆಕ್ಕವಿದೆ, ಅನೇಕರು ಇದನ್ನು ನೋಡಿ ಮೋಸವಾಯಿತೆಂದು ಕೂಗಾಡುತ್ತಾರೆ: ಅರವತ್ತಕ್ಕೆ ಇಪ್ಪತ್ತು ಕೂಡಿದರೆ ಎಂಬತ್ತಾಗುವುದಿಲ್ಲ. ಶೇ. 60 ಹೋದ ಮೇಲೆ ಉಳಿದ ನಲವತ್ತರಲ್ಲಿ ಶೇ. 20 ಅಂದರೆ ಎಂಟು; ಒಟ್ಟು 68, ಅದನ್ನು ಹತ್ತರ ಹತ್ತಿರದ ಅಂಕಿಗೆ ತಂದರೆ 70. 2025ರ ದರದಂತೆ ಶೇ. 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, ಒಂಟಿ ವ್ಯಕ್ತಿಗೆ ಶೇ. 100 ಆದರೆ 3,831 ಡಾಲರ್. ಪತ್ನಿ ಇದ್ದರೆ ಶೇ. 30ರಿಂದ ಮೇಲ್ಪಟ್ಟವರಿಗೆ ಇನ್ನಷ್ಟು. ಇದಕ್ಕೆ ಆದಾಯ ತೆರಿಗೆಯಿಲ್ಲ.

ಅರ್ಜಿಯ ನಂತರ ವೈದ್ಯಕೀಯ ತಪಾಸಣೆಗೆ ಕರೆ ಬರುತ್ತದೆ. ಅಂದು ದಯವಿಟ್ಟು ನೀವೂ ಜೊತೆಗೆ ಹೋಗಿ. ಆ ಪೀಳಿಗೆಯ ಗಂಡಸರು ‘ಹೇಗಿದ್ದೀರಿ’ ಎಂದರೆ ಎರಡು ಊರುಗೋಲು ಹಿಡಿದುಕೊಂಡೇ ‘ಪರವಾಗಿಲ್ಲ, ಚೆನ್ನಾಗಿದ್ದೇನೆ’ ಎನ್ನುತ್ತಾರೆ, ತಪಾಸಣೆ ಮಾಡುವವರು ಅದನ್ನೇ ಬರೆದುಕೊಳ್ಳುತ್ತಾರೆ. ಎಷ್ಟು ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತದೆ, ರಾತ್ರಿ ಪಾದ ಉರಿಯುವುದು ವಾರದಲ್ಲಿ ಎಷ್ಟು ದಿನ ಎಂಬುದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಇನ್ನೊಂದು ಮಾತು: ‘ಏಜೆಂಟ್ ಆರೆಂಜ್ ರಿಜಿಸ್ಟ್ರಿ’ ಎಂಬ ಉಚಿತ ಆರೋಗ್ಯ ತಪಾಸಣೆ ಬೇರೆ, ಪರಿಹಾರದ ಅರ್ಜಿ ಬೇರೆ. ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿ, ಅರ್ಜಿಯಾಯಿತೆಂದು ವರ್ಷಗಟ್ಟಲೆ ಕಾದು ಕುಳಿತವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಸ್ಯಾನ್ ಡಿಯಾಗೊದಲ್ಲಿ ನಮ್ಮ ಪಕ್ಕದ ಮನೆಯಲ್ಲಿ 81 ವರ್ಷದ ಅಜ್ಜಿಯೊಬ್ಬರಿದ್ದಾರೆ. ನನ್ನ ಮಕ್ಕಳು ಅವರ ಮಡಿಲಲ್ಲೇ ಬೆಳೆದವರು. ಅವರ ಪತಿ 1967ರಲ್ಲಿ ನೌಕಾಪಡೆಯ ಡೆಸ್ಟ್ರಾಯರ್ ಒಂದರಲ್ಲಿ ವಿಯೆಟ್ನಾಂ ಕರಾವಳಿಯಲ್ಲಿದ್ದರು. ಶ್ವಾಸಕೋಶದ ಕ್ಯಾನ್ಸರ್ ಬಂದು 2007ರಲ್ಲಿ ಅರ್ಜಿ ಹಾಕಿದಾಗ, ‘ನೀವು ನೆಲಕ್ಕೆ ಕಾಲಿಟ್ಟಿಲ್ಲ’ ಎಂದು ತಿರಸ್ಕೃತವಾಯಿತು. 2009ರಲ್ಲಿ ತೀರಿಕೊಂಡರು. ಅದೇ ವರ್ಷ ಅಜ್ಜಿ ಹಾಕಿದ ಅರ್ಜಿಗೂ ಅದೇ ಉತ್ತರ. ಈಗ ಏನಾದರೂ ಮಾಡಬಹುದೇ?

ಉತ್ತರ: ಮಾಡಬಹುದು, ತಡಮಾಡಬೇಡಿ. ‘ನೆಲಕ್ಕೆ ಕಾಲಿಟ್ಟಿರಬೇಕು’ ಎಂಬುದು ಆಗಿನ ನಿಯಮ, ಮತ್ತು 2008ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಹಾಸ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿದಿತ್ತು. ಗಾಳಿಯಲ್ಲಿ ತೇಲುವ, ಹೊಳೆಯಲ್ಲಿ ಹರಿದು ಕಡಲು ಸೇರುವ ವಿಷಕ್ಕೆ ದಡದಲ್ಲಿ ಗೆರೆ ಎಳೆದ ಈ ನಿಯಮ ನನ್ನ ದೃಷ್ಟಿಯಲ್ಲಿ ಆಗಲೂ ಅಸಂಬದ್ಧವೇ ಆಗಿತ್ತು. ಹಡಗುಗಳು ಕಡಲ ನೀರನ್ನು ಭಟ್ಟಿ ಇಳಿಸಿ ಕುಡಿಯಲು ಬಳಸುತ್ತಿದ್ದವು. ಹಾಗೆ ಇಳಿಸುವಾಗ ಡಯಾಕ್ಸಿನ್ ಹಿಂದೆ ಉಳಿಯದೆ ಆವಿಯೊಡನೆ ದಾಟಿ ಕುಡಿಯುವ ನೀರಿನಲ್ಲೇ ಹೆಚ್ಚು ಸೇರಿಕೊಳ್ಳುತ್ತದೆ ಎಂಬುದನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ತಮ್ಮ ದೇಶದ ನೌಕಾಪಡೆಯ ಸೈನಿಕರಿಗಾಗಿ ನಡೆಸಿದ ಅಧ್ಯಯನದಲ್ಲಿ 2002ರಲ್ಲೇ ತೋರಿಸಿದ್ದರು.

ಕೊನೆಗೆ 2019ರ ಜನವರಿಯಲ್ಲಿ ಅದೇ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಪ್ರೊಕೋಪಿಯೊ ಪ್ರಕರಣದಲ್ಲಿ, ವಿಯೆಟ್ನಾಂ ಗಣರಾಜ್ಯ, ಅಂದರೆ ಆಗಿನ ದಕ್ಷಿಣ ವಿಯೆಟ್ನಾಂ, ಎಂದರೆ ಅದರ 12 ನಾಟಿಕಲ್ ಮೈಲಿಯ ಕಡಲೂ ಸೇರಿ ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಜೂನ್‌ನಲ್ಲಿ ‘ಬ್ಲೂ ವಾಟರ್ ನೇವಿ’ ಕಾಯ್ದೆಯಾಗಿ, 2020ರ ಜನವರಿ 1ರಿಂದ ಜಾರಿಗೆ ಬಂತು. ಅಜ್ಜಿಯವರಿಗೆ ಮುಖ್ಯವಾದದ್ದೇನೆಂದರೆ, 1985ರ ಸೆಪ್ಟೆಂಬರ್ 25ರ ನಂತರ ಹಾಕಿ ಇದೇ ಕಾರಣಕ್ಕೆ ತಿರಸ್ಕೃತವಾದ ಅರ್ಜಿಗಳಿಗೆ ಮೂಲ ಅರ್ಜಿಯ ದಿನದಿಂದಲೇ ಬಾಕಿ ಕೊಡುವುದಕ್ಕೆ ಆ ಕಾಯ್ದೆಯಲ್ಲಿ ಅವಕಾಶವಿದೆ. ಇಂಥ ಹಳೆಯ ಕಡತಗಳನ್ನು ಇಲಾಖೆ ತಾನಾಗಿಯೇ ಮತ್ತೆ ತೆರೆದು ನೋಡಬೇಕೆಂದು 2020ರ ನವೆಂಬರಿನಲ್ಲಿ ನೆಹ್ಮರ್ ಮೊಕದ್ದಮೆಯಲ್ಲಿ ಆದೇಶವೂ ಆಗಿದೆ. ಆದರೂ ವಿಳಾಸ ಬದಲಾದವರಿಗೆ ಪತ್ರ ತಲುಪದೆ ಹೋಗುವುದುಂಟು, ಅದನ್ನು ನಂಬಿ ಕೂರುವ ವಯಸ್ಸು ಅಜ್ಜಿಯದಲ್ಲ.

ಅವರಿಗೆ ಬರಬೇಕಾದದ್ದು ಎರಡು ಬೇರೆ ಬೇರೆ ಹಣ. 2007ರ ಅರ್ಜಿಯಿಂದ ಸಾಯುವವರೆಗೆ ಪತಿಗೆ ಸಲ್ಲಬೇಕಾಗಿದ್ದ ಪರಿಹಾರ ಒಂದು. ಸೇವೆಗೆ ಸಂಬಂಧಪಟ್ಟ ಕಾಯಿಲೆಯಿಂದ ಸೈನಿಕ ಸತ್ತಾಗ ಹೆಂಡತಿಗೆ ಜೀವನಪೂರ್ತಿ ಸಿಗುವ ಮಾಸಿಕ ಪರಿಹಾರ ಇನ್ನೊಂದು, ಡಿ.ಐ.ಸಿ. ಎನ್ನುವುದು ಇದನ್ನೇ, 2025ರಲ್ಲಿ ತಿಂಗಳಿಗೆ 1,653 ಡಾಲರ್. ಶ್ವಾಸಕೋಶದ ಕ್ಯಾನ್ಸರ್ 1994ರಿಂದಲೂ ಪಟ್ಟಿಯಲ್ಲಿದೆಯಾದ್ದರಿಂದ ಕಾಯಿಲೆಯ ಬಗ್ಗೆ ವಾದವಿಲ್ಲ. ಮರಣ ಪ್ರಮಾಣಪತ್ರದಲ್ಲಿ ಅದು ಕಾರಣವೆಂದು, ಕನಿಷ್ಠ ಪೂರಕ ಕಾರಣವೆಂದು ನಮೂದಾಗಿರಬೇಕು. ವಿವಾಹ ಪ್ರಮಾಣಪತ್ರ ಬೇಕು. ಉಳಿದದ್ದು ಹಡಗು ಎಲ್ಲಿತ್ತು ಎಂಬುದು.

ಅದಕ್ಕೆ ಹಡಗಿನ ದಿನಚರಿ, ಅಂದರೆ ‘ಡೆಕ್ ಲಾಗ್’. ಆ ಕಾಲದ ದಿನಚರಿಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಪುಟ ತೆರೆದರೆ ದಿನಕ್ಕೆ ಹಲವು ಸಲ ಅಕ್ಷಾಂಶ ರೇಖಾಂಶಗಳು, ಲಂಗರು ಹಾಕಿದ್ದೆಲ್ಲಿ, ಯಾವ ಗುಡ್ಡದ ಮೇಲೆ ಫಿರಂಗಿ ಹಾರಿಸಿದ್ದು ಎಂಬ ಸಾಲುಗಳು ಸಿಗುತ್ತವೆ. ದೂರದ ಕಡಲಿನಲ್ಲಿ ಯಾಂಕಿ ಸ್ಟೇಷನ್ ಎಂದು ಕರೆಯುತ್ತಿದ್ದ ಜಾಗದಲ್ಲಿ ನಿಂತಿರುತ್ತಿದ್ದ ವಿಮಾನವಾಹಕಗಳವರಿಗೆ ಆ 12 ಮೈಲಿಯ ಗೆರೆ ತೊಡಕಾಗಬಹುದು. ಡೆಸ್ಟ್ರಾಯರುಗಳಿಗೆ ಆ ತೊಂದರೆ ಕಡಿಮೆ, ಏಕೆಂದರೆ ದಡದ ಗುರಿಗಳಿಗೆ ಫಿರಂಗಿ ಹಾರಿಸಬೇಕಾದರೆ ದಡದ ಹತ್ತಿರ ಬರಲೇಬೇಕು. ಗೆರೆಯೊಳಗೆ ಬಂದುಹೋದ ಹಡಗುಗಳ ಪಟ್ಟಿಯನ್ನು ಇಲಾಖೆಯೇ ಇಟ್ಟುಕೊಂಡಿದೆ. ಮೊದಲು ಅದರಲ್ಲಿ ಹೆಸರು ಹುಡುಕಿ. ಆ ಹಡಗು ಗೆರೆಯೊಳಗಿದ್ದ ದಿನ ಪತಿ ಅದರಲ್ಲಿ ಇದ್ದರೆಂಬುದೊಂದೇ ಮುಂದೆ ಉಳಿಯುವ ಪ್ರಶ್ನೆ.

ಒಂದು ಮಾತನ್ನು ಅಜ್ಜಿಯ ಮಕ್ಕಳಿಗೂ ತಿಳಿಸಿ. ನೆಹ್ಮರ್ ನಿಯಮದಡಿ ಸತ್ತ ಸೈನಿಕನಿಗೆ ಸಲ್ಲಬೇಕಾದ ಬಾಕಿ ಮೊದಲು ಪತ್ನಿಗೆ, ಪತ್ನಿ ಇಲ್ಲದಿದ್ದರೆ ಮಕ್ಕಳಿಗೆ ಹೋಗುತ್ತದೆ, ಮಕ್ಕಳ ವಯಸ್ಸು ಎಷ್ಟಾದರೂ ಇರಲಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಅಮೆರಿಕದ ಹಿರಿಯರು ಯೋಗ ಕಲಿಯಲೆಂದು ಬಂದು ಇಲ್ಲೇ ಉಳಿದವರು. ವಿಯೆಟ್ನಾಮಿನಲ್ಲಿ ಸೇವೆ ಮಾಡಿದ್ದಾರೆ. ಬಿ.ಪಿ.ಗೆ ಅರ್ಜಿ ಹಾಕಿದ್ದಕ್ಕೆ ‘ಒಪ್ಪಿದ್ದೇವೆ, ಶೇ. 0’ ಎಂದು ಉತ್ತರ ಬಂದಿದೆ. ಇದೆಂಥ ಒಪ್ಪಿಗೆ?

ಉತ್ತರ: ಸೊನ್ನೆಯೂ ಒಪ್ಪಿಗೆಯೇ. ರಕ್ತದೊತ್ತಡವನ್ನು 2022ರ ಪ್ಯಾಕ್ಟ್ ಕಾಯ್ದೆ ಪಟ್ಟಿಗೆ ಸೇರಿಸಿತು. ಆದರೆ ಶೇ. 10 ಸಿಗಬೇಕಾದರೆ ಮೇಲಿನ ಅಂಕಿ ಹೆಚ್ಚಿನ ಸಲ 160 ಅಥವಾ ಕೆಳಗಿನ ಅಂಕಿ 100 ಮುಟ್ಟಿರಬೇಕು, ಇಲ್ಲವೇ ಕೆಳಗಿನ ಅಂಕಿ ಹಿಂದೆ 100 ದಾಟುತ್ತಿದ್ದು ಈಗ ನಿರಂತರ ಮಾತ್ರೆಯಿಂದ ಹತೋಟಿಯಲ್ಲಿದೆ ಎಂಬ ದಾಖಲೆ ಬೇಕು. ಮಾತ್ರೆ ಆರಂಭಿಸುವ ಮುಂಚಿನ ಹಳೆಯ ಚೀಟಿಗಳನ್ನು ಅವರು ಹುಡುಕಿಸಲಿ. ಈಗಿನ ಒಳ್ಳೆಯ ಅಂಕಿಯೇ ಅವರಿಗೆ ಎದುರಾಗಿ ನಿಂತಿರಬಹುದು. ಉತ್ತರ ಬಂದ ಒಂದು ವರ್ಷದೊಳಗೆ ಅದನ್ನು ಪ್ರಶ್ನಿಸಿದರೆ ಮೊದಲ ಅರ್ಜಿಯ ತಾರೀಕು ಉಳಿಯುತ್ತದೆ. ಸೊನ್ನೆಯೇ ಉಳಿದರೂ ಅದರಿಂದ ಎರಡು ಲಾಭವಿದೆ. ಮುಂದೆ ಬಿ.ಪಿ.ಯಿಂದ ಮೂತ್ರಪಿಂಡಕ್ಕೆ ತೊಂದರೆಯಾದರೆ ಅಥವಾ ಪಾರ್ಶ್ವವಾಯು ಬಡಿದರೆ ಅದನ್ನು ಇದರ ಬೆನ್ನಿಗೆ ಕಟ್ಟಿ ಕೇಳಬಹುದು. ಜೊತೆಗೆ, ಸೇವೆಗೆ ಸಂಬಂಧಪಟ್ಟದ್ದೆಂದು ಒಪ್ಪಿದ ಕಾಯಿಲೆಗೆ ಪರದೇಶದಲ್ಲಿ ಮಾಡಿಸಿಕೊಂಡ ಚಿಕಿತ್ಸೆಯ ವೆಚ್ಚವನ್ನು ಇಲಾಖೆಯ ‘ಫಾರಿನ್ ಮೆಡಿಕಲ್ ಪ್ರೋಗ್ರಾಂ’ ಭರಿಸುತ್ತದೆ. ಮೈಸೂರಿನ ವೈದ್ಯರ ಬಿಲ್ಲು, ಮಾತ್ರೆ ಕೊಂಡ ರಸೀದಿ ಎಲ್ಲವನ್ನೂ ಎತ್ತಿಡಲು ಹೇಳಿ.

ಪ್ರಶ್ನೆ: ಒಂದು ಕಂಪನಿಯವರು ಫೋನ್ ಮಾಡಿ ‘ಶೇ. 100 ಕೊಡಿಸುತ್ತೇವೆ, ಹೆಚ್ಚುವರಿ ಬರುವ ಮೊತ್ತದಲ್ಲಿ ಮೊದಲ ಐದು ತಿಂಗಳದ್ದು ನಮಗೆ’ ಎನ್ನುತ್ತಿದ್ದಾರೆ. ನಮ್ಮ ಬೀಗರು ಒಪ್ಪಿಬಿಡುವವರಿದ್ದಾರೆ. ಸರಿಯೇ? (ನ್ಯೂಜೆರ್ಸಿಯಿಂದ)

ಉತ್ತರ: ಬೇಡ. ಮೊದಲ ಅರ್ಜಿ ತಯಾರಿಸಿಕೊಡಲು ಯಾರೂ ಹಣ ಪಡೆಯುವಂತಿಲ್ಲ. ಇಲಾಖೆಯ ಮಾನ್ಯತೆ ಪಡೆದ ವಕೀಲರಿಗೂ ಅರ್ಜಿ ಒಮ್ಮೆ ತೀರ್ಮಾನವಾದ ಮೇಲಷ್ಟೇ ಶುಲ್ಕ, ಅದೂ ಬಾಕಿಯ ಶೇ. 20ರವರೆಗೆ ನ್ಯಾಯಸಮ್ಮತವೆಂದು ಎಣಿಸಲಾಗುತ್ತದೆ. ಫೋನ್ ಮಾಡಿದವರ ಹೆಸರು ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಇಲಾಖೆಯ ಪುಟದಲ್ಲಿ ನೋಡಿ. ಅಮೆರಿಕನ್ ಲೀಜನ್, ಡಿ.ಎ.ವಿ., ವಿ.ಎಫ್.ಡಬ್ಲ್ಯೂ. ಮೊದಲಾದ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳು ಇದೇ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತಾರೆ. ಒಹಾಯೊದ ಓದುಗರಿಗೂ ಇದನ್ನೇ ಹೇಳುತ್ತೇನೆ: ನಿಮ್ಮ ರಾಜ್ಯದ 88 ಕೌಂಟಿಗಳಲ್ಲೂ ಮಾಜಿ ಸೈನಿಕರ ಸೇವಾ ಕಚೇರಿ ಇದೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ರೈತ. ಗೋವಿನಜೋಳದ ಹೊಲಕ್ಕೆ 2,4-ಡಿ ಹೊಡೆಯುತ್ತೇನೆ. ಏಜೆಂಟ್ ಆರೆಂಜಿನಲ್ಲಿ ಇದ್ದದ್ದು ಇದೇ ಎಂದು ಮಗ ಹೇಳಿದ. ನಾನು ಅದನ್ನೇ ಹೊಡೆಯುತ್ತಿದ್ದೇನೆಯೇ?

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ನಿಜ. ಏಜೆಂಟ್ ಆರೆಂಜ್ ಎಂಬುದು 2,4-ಡಿ ಮತ್ತು 2,4,5-ಟಿ ಎಂಬ ಎರಡು ಕಳೆನಾಶಕಗಳ ಸಮಪಾಲು ಮಿಶ್ರಣ. ಅದನ್ನು ತುಂಬಿದ 208 ಲೀಟರಿನ ಪೀಪಾಯಿಗಳಿಗೆ ಕಿತ್ತಳೆ ಬಣ್ಣದ ಪಟ್ಟಿ ಬಳಿಯುತ್ತಿದ್ದುದರಿಂದ ಆ ಹೆಸರು ಬಂತು. ದ್ರವದ ಬಣ್ಣಕ್ಕೂ ಹೆಸರಿಗೂ ಸಂಬಂಧವಿಲ್ಲ. ಕ್ಯಾನ್ಸರಿಗೆ ಕಾರಣವಾಗುವ ಟಿ.ಸಿ.ಡಿ.ಡಿ. ಎಂಬ ಅತಿ ವಿಷಕಾರಿ ಡಯಾಕ್ಸಿನ್ ಹುಟ್ಟುತ್ತಿದ್ದದ್ದು 2,4,5-ಟಿ ತಯಾರಿಸುವಾಗ, ಕಾವು ಹೆಚ್ಚಾದರೆ ಇನ್ನೂ ಹೆಚ್ಚು. ನೀವು ಬಳಸುವ 2,4-ಡಿ ಆ ದಾರಿಯಲ್ಲಿ ತಯಾರಾಗುವುದಿಲ್ಲ. ಹಾಗೆಂದು ಅದು ಪಂಚಾಮೃತವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ಗುಂಪಿಗೆ ಸೇರಿಸಿದೆ. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಖಾಲಿ ಡಬ್ಬಿಯಲ್ಲಿ ನೀರು ತುಂಬಬೇಡಿ. ಪಕ್ಕದಲ್ಲಿ ಹತ್ತಿಯ ಹೊಲವಿದ್ದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಹತ್ತಿಗೆ ಇದರ ಹನಿ ಹಾರಿ ಬಿದ್ದರೂ ಎಲೆ ಮುರುಟುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಅಮೆರಿಕದ ಸೈನಿಕರಿಗೆ ಇಷ್ಟೆಲ್ಲ ಸಿಗುತ್ತದೆ. ಯಾರ ತಲೆಯ ಮೇಲೆ ಸುರಿದರೋ ಆ ವಿಯೆಟ್ನಾಮಿನವರಿಗೆ ಏನು ಸಿಕ್ಕಿತು? (ಮಡಿಕೇರಿಯಿಂದ, ಮಾಜಿ ಸೈನಿಕರೊಬ್ಬರು)

ಉತ್ತರ: ನ್ಯಾಯಾಲಯಗಳಿಂದ ಏನೂ ಸಿಗಲಿಲ್ಲ. ಅಮೆರಿಕದ ಸೈನಿಕರೂ ತಯಾರಕ ಕಂಪನಿಗಳಿಂದ ಗೆದ್ದು ಪಡೆದವರಲ್ಲ. 1984ರ ಮೇ 7ರಂದು, ವಿಚಾರಣೆ ಆರಂಭವಾಗಬೇಕಿದ್ದ ದಿನವೇ, ಕಂಪನಿಗಳು 18 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡವು. ಅವರಿಗೆ ಈಗ ಸಿಗುತ್ತಿರುವುದು ತಮ್ಮದೇ ಸರ್ಕಾರದಿಂದ, ಮತ್ತು ಅದಕ್ಕೂ ದಶಕಗಳ ಹೋರಾಟ ಬೇಕಾಯಿತು. ವಿಯೆಟ್ನಾಮಿನ ನದಿಗಳ ದಂಡೆಗೆ ಸಿಂಪಡಿಸಲು ಆದೇಶ ಕೊಟ್ಟ ಅಡ್ಮಿರಲ್ ಎಲ್ಮೊ ಝುಮ್ವಾಲ್ಟರ ಮಗನೇ ಅಲ್ಲಿ ಗಸ್ತಿನ ದೋಣಿಯ ಅಧಿಕಾರಿಯಾಗಿದ್ದು, 1988ರಲ್ಲಿ 42ನೆಯ ವಯಸ್ಸಿನಲ್ಲಿ ದುಗ್ಧರಸದ ಕ್ಯಾನ್ಸರಿನಿಂದ ಸತ್ತರು. ಆಮೇಲೆ ತಂದೆಯೇ ಈ ಕಾಯಿಲೆಗಳಿಗೆ ಪರಿಹಾರ ಸಿಗಬೇಕೆಂದು ಸರ್ಕಾರಕ್ಕೆ ವರದಿ ಬರೆದುಕೊಟ್ಟರು.

ವಿಯೆಟ್ನಾಮಿನ ಸಂತ್ರಸ್ತರು 2004ರಲ್ಲಿ ನ್ಯೂಯಾರ್ಕಿನಲ್ಲಿ ಹೂಡಿದ ದಾವೆ ಮರುವರ್ಷವೇ ವಜಾ ಆಯಿತು, 2008ರಲ್ಲಿ ಮೇಲ್ಮನವಿಯೂ ಬಿತ್ತು. ಫ್ರಾನ್ಸಿನಲ್ಲಿ ಟ್ರಾನ್ ಟೊ ಙಾ ಎಂಬ ಮಹಿಳೆ ಕಂಪನಿಗಳ ಮೇಲೆ ಹೂಡಿದ ದಾವೆ 2021ರಲ್ಲೂ, ಮೇಲ್ಮನವಿ 2024ರಲ್ಲೂ ನಿಲ್ಲಲಿಲ್ಲ. ಕಂಪನಿಗಳು ಅಮೆರಿಕ ಸರ್ಕಾರದ ಆದೇಶದಂತೆ ನಡೆದುಕೊಂಡವೆಂದೂ, ಆ ಸರ್ಕಾರಕ್ಕಿರುವ ರಕ್ಷಣೆ ಅವಕ್ಕೂ ಇದೆಯೆಂದೂ ನ್ಯಾಯಾಲಯ ಹೇಳಿತು. ವಿಯೆಟ್ನಾಂ ಸರ್ಕಾರ ತನ್ನ ಬೊಕ್ಕಸದಿಂದ ಸಂತ್ರಸ್ತರಿಗೆ ಮಾಸಾಶನ ಕೊಡುತ್ತಿದೆ.

ನಮ್ಮ ಸೈನ್ಯದಲ್ಲಿ ಇಂಥ ಪೂರ್ವಭಾವನೆ ಇದೆಯೇ ಎಂದೂ ನೀವು ಕೇಳಿದ್ದೀರಿ. ರಾಸಾಯನಿಕಗಳಿಗೆಂದು ಪ್ರತ್ಯೇಕವಾಗಿಲ್ಲ. ಆದರೆ ಸೇರುವಾಗ ಕಾಯಿಲೆಯ ನಮೂದಿಲ್ಲದ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಕಾಯಿಲೆಗೆ ಸೇವೆ ಕಾರಣವಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. 2023ರ ಸೆಪ್ಟೆಂಬರಿನಲ್ಲಿ ನಿಯಮಗಳು ಬದಲಾಗಿರುವುದರಿಂದ ನೀವು ನಿವೃತ್ತರಾದ ತಾರೀಕು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಉತ್ತರಿಸುತ್ತೇನೆ.

ನೆಲದ ವಿಷಯವನ್ನು ಹೇಳುವುದು ಉಳಿಯಿತು. ಪೀಪಾಯಿಗಳನ್ನು ಇಳಿಸಿ ವಿಮಾನಗಳಿಗೆ ತುಂಬುತ್ತಿದ್ದ ಜಾಗಗಳಲ್ಲೇ ಡಯಾಕ್ಸಿನ್ ಅತಿ ಹೆಚ್ಚು ಉಳಿದದ್ದು. ದಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು ಅಮೆರಿಕದ ಹಣದಲ್ಲಿ 2012ರಿಂದ 2018ರವರೆಗೆ ಅಗೆದು, ಗೂಡಿನಂತೆ ಕಟ್ಟಿದ ತೊಟ್ಟಿಯಲ್ಲಿ ಕಾಯಿಸಿ ಶುದ್ಧ ಮಾಡಿದರು. ಅದಕ್ಕಿಂತ ದೊಡ್ಡ ಕೆಲಸ 2019ರಲ್ಲಿ ಬಿಯೆನ್ ಹೋವಾದಲ್ಲಿ ಆರಂಭವಾಯಿತು. ಶಿವಮೊಗ್ಗದ ಸೊಸೆಯ ಮಾವನವರು 1968ರಲ್ಲಿ ಲಾರಿ ಓಡಿಸುತ್ತಿದ್ದ ಊರು ಅದು. ಅಲ್ಲಿ ಶುದ್ಧಮಾಡಬೇಕಾದ ಮಣ್ಣು ಸುಮಾರು ಐದು ಲಕ್ಷ ಘನ ಮೀಟರ್.